ದಿಂಬಿನ ಹತ್ತಿ

ನಮ್ಮ ಮನೆಯವರು ಶವಪೆಟ್ಟಿಗೆ ಮಾಡುತ್ತಾರೆ. ಒಳಗಿನ ಬಟ್ಟೆ, ತಲೆದಿಂಬು ಹೊಲಿಯುವುದು ನಾನು. ಊರಿಗೆ ಇದೊಂದೇ ಅಂಗಡಿ. ನಮ್ಮ ಮುಖ ಕಂಡರಾಗದವರೂ ಒಂದು ದಿನ ಇಲ್ಲಿಗೆ ಬರಲೇಬೇಕು ಎಂದು ಇವರು ತಮಾಷೆ ಮಾಡುತ್ತಿದ್ದರು. ಮಗ ಹೋದ ಮೇಲೆ ಆ ತಮಾಷೆ ನಿಂತಿತು.

ಕುಡಿದು ಲಾರಿ ಓಡಿಸುತ್ತಿದ್ದವನೊಬ್ಬ ಸೈಕಲ್ಲಿನಲ್ಲಿ ಹೋಗುತ್ತಿದ್ದ ನನ್ನ ಮಗನಿಗೆ ಗುದ್ದಿದ. ಸಾಕ್ಷಿ ಸಾಲದೆಂದು ಬಿಡುಗಡೆಯೂ ಆದ. ಅಂದಿನಿಂದ ಚರ್ಚಿನಲ್ಲಿ ಎಲ್ಲರೂ ಸೇರಿ ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದರೆ ಸಾಕು, ನನ್ನ ಬಾಯಿಗೆ ಬೀಗ ಬೀಳುತ್ತದೆ. ದೇವರ ಮುಂದೆ ನಿಂತು ಸುಳ್ಳು ಹೇಳಲಾ? ಪಾಸ್ಟರ್ ಅಯ್ಯನವರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. "ಬಾಯಿಗೆ ಬರದಿದ್ರೆ ಬಿಡಮ್ಮ. ಕೆಲವರಿಗೆ ಮೊದಲು ಕೈಗೆ ಬರುತ್ತೆ," ಅಂದರು. ಅಯ್ಯನವರಿಗೂ ವಯಸ್ಸಾಯಿತು ಪಾಪ ಎಂದುಕೊಂಡು ಬಂದಿದ್ದೆ.

ಹೋದ ವಾರ ಬೆಳಿಗ್ಗೆ ಒಬ್ಬ ಮುದುಕಿ ಬಾಗಿಲ ಹೊರಗೆ ನಿಂತಿದ್ದಳು. ಕೈಯಲ್ಲಿ ಹೆಣದ ಉದ್ದಕ್ಕೆ ಗಂಟು ಹಾಕಿದ ದಾರ. ಆ ಲಾರಿಯವನ ತಾಯಿ. ಕೋರ್ಟಿನಲ್ಲಿ ನೋಡಿದ ಮುಖ, ಮರೆಯುತ್ತೇನೆಯೇ? ಲಿವರ್ ಕೆಟ್ಟು ಮಗ ತೀರಿಕೊಂಡನಂತೆ.

"ಯಾವ ಮುಖ ಇಟ್ಕೊಂಡು ಬಂದ್ರಿ?" ಅಂದೆ.

"ಮುಖ ಇಲ್ಲ ತಾಯಿ. ಹೆಣ ಇದೆ," ಅಂದಳು.

ಇವರು ದಾರ ಇಸಿದುಕೊಂಡು ಹಲಗೆಗೆ ಹಿಡಿದರು. ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಎದೆಯಲ್ಲಿರೋದೇನು, ಮರದ ತುಂಡಾ?" ಎಂದು ಕೂಗಿದೆ. ಇವರು ಹಲಗೆ ಕೀಸುತ್ತಲೇ ಇದ್ದರು. ಕಣ್ಣೀರು ಹಲಗೆಯ ಮೇಲೆ ಬೀಳುತ್ತಿತ್ತು, ಅದನ್ನೂ ಸೇರಿಸಿ ಕೀಸುತ್ತಿದ್ದರು.

ಒಳಗೆ ಹೋಗಿ ನೋಡಿದರೆ ದಿಂಬಿಗೆ ತುಂಬುವ ಹತ್ತಿ ತೀರಿತ್ತು. ಹತ್ತಿಯಂಗಡಿಗೆ ಅವತ್ತು ರಜೆ. ಹಳೇ ಬಟ್ಟೆಯನ್ನಾದರೂ ತುಂಬಬಹುದಿತ್ತು. ನನ್ನ ಕಣ್ಣು ಮಾತ್ರ ಮೂಲೆಯ ಕಸದ ಬುಟ್ಟಿಗೆ ಹೋಯಿತು. ಮರದ ಸಿಬಿರು, ಸೊಟ್ಟ ಮೊಳೆ, ನೆಲ ಗುಡಿಸಿದ ಧೂಳು.

ಸೈತಾನ ಕೊಂಬು ಮಸೆದುಕೊಂಡು ಬರುತ್ತಾನೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಹಾಗೆಲ್ಲ ಏನೂ ಬರಲಿಲ್ಲ. ಪಕ್ಕದ ಮನೆಯವಳ ಹಾಗೆ ಹತ್ತಿರ ಕೂತು, ನನ್ನದೇ ದನಿಯಲ್ಲಿ ನ್ಯಾಯ ಮಾತಾಡಿದ. ಸತ್ತವನಿಗೆ ಚುಚ್ಚುತ್ತದೆಯೇ? ಹೊಲಿದ ಮೇಲೆ ಯಾರಿಗೆ ಕಾಣುತ್ತದೆ? ನಿನಗೂ ಒಂದಿಷ್ಟು ಸಮಾಧಾನ ಬೇಡವೇ? ಒಂದೊಂದು ಮಾತೂ ಸರಿಯೆನಿಸಿತು. ಮುಷ್ಟಿ ಮುಷ್ಟಿಯಾಗಿ ತುಂಬಿದೆ. ತುಂಬುವಾಗ ಹಾಯೆನಿಸಿತು, ಮುಚ್ಚಿಡುವುದೇಕೆ.

ಕೊನೆಯ ಬದಿ ಹೊಲಿಯುತ್ತಿದ್ದಾಗ ಮುದುಕಿ ಕಿಟಕಿಯ ಹತ್ತಿರ ಬಂದಳು.

"ದಿಂಬು ಸ್ವಲ್ಪ ಎತ್ತರ ಇರಲಿ ತಾಯಿ. ಚಿಕ್ಕೋನಿದ್ದಾಗಿಂದ ಹಾಗೇ. ದಿಂಬು ತಗ್ಗಾದ್ರೆ ಅವನಿಗೆ ನಿದ್ದೆ ಬರಲ್ಲ."

ಮುಟ್ಟಿ ನೋಡಲು ಕಿಟಕಿಯೊಳಗೆ ಕೈ ಚಾಚಿದಳು. ನಾನು ದಿಂಬನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದೆ. ಸತ್ತವನಿಗೆ ಚುಚ್ಚದ ಮೊಳೆ ನನಗೇ ಚುಚ್ಚಿತು.

"ಇನ್ನೂ ಮುಗಿದಿಲ್ಲ ಅಜ್ಜಿ," ಅಂದೆ. ಅಜ್ಜಿ ಎಂದದ್ದು ನಾನೇನಾ ಎಂದು ನನಗೇ ಆಶ್ಚರ್ಯವಾಯಿತು.

ಅಜ್ಜಿ ಅತ್ತ ಹೋದ ಮೇಲೆ ನೆಲದ ಮೇಲೆ ಕುಸಿದು ಕೂತೆ. "ಕರ್ತನೇ, ಇದು ನನ್ನ ಕೈಲಾಗಲ್ಲ. ನೀನೇ ಮಾಡಿಸು," ಅಂದೆ. ಬೇರೆ ಪ್ರಾರ್ಥನೆ ಬರಲಿಲ್ಲ. ಅಳುತ್ತಲೇ ಹೊಲಿಗೆ ಬಿಚ್ಚಿ ಎಲ್ಲವನ್ನೂ ಬುಟ್ಟಿಗೆ ಸುರಿದೆ.

ಹಳೇ ಬಟ್ಟೆ ಹುಡುಕಲು ಟ್ರಂಕು ತೆಗೆದೆ. ಮೇಲೆಯೇ ನನ್ನ ಮಗನ ದಿಂಬಿತ್ತು. ಅವನು ಹೋದಾಗಿನಿಂದ ಅದನ್ನು ಒಗೆದಿಲ್ಲ. ಅವನ ತಲೆಯ ವಾಸನೆ ಇನ್ನೂ ಇದೆ. ಇವರು ಇಲ್ಲ ಎನ್ನುತ್ತಾರೆ, ಇವರ ಮೂಗಿಗೇನು ಗೊತ್ತು. ಹಳೇ ಬಟ್ಟೆ ತುಂಬಿದರೆ ದಿಂಬು ಗಂಟು ಗಂಟಾಗುತ್ತದೆ, ಎತ್ತರ ನಿಲ್ಲುವುದಿಲ್ಲ. ಬಹಳ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಆಮೇಲೆ ಕತ್ತರಿ ತಂದು ಅದರ ಹೊಲಿಗೆ ಬಿಚ್ಚಿ ಅರ್ಧ ಹತ್ತಿ ತೆಗೆದೆ. ಅರ್ಧ ಮಾತ್ರ. ಎಲ್ಲವನ್ನೂ ಕೊಟ್ಟುಬಿಡುವ ಮನಸ್ಸು ಕರ್ತನದು, ನನ್ನದು ಅಷ್ಟು ದೊಡ್ಡದಲ್ಲ.

ಪೆಟ್ಟಿಗೆಯನ್ನು ಗಾಡಿಗೆ ಏರಿಸುವ ಮುಂಚೆ ಅಜ್ಜಿ ಬಗ್ಗಿ ದಿಂಬನ್ನು ಅಂಗೈಯಿಂದ ಒತ್ತಿದರು, ಮಗುವನ್ನು ಮಲಗಿಸುವ ಮುಂಚೆ ಒತ್ತುವ ಹಾಗೆ. "ಮೆತ್ತಗಿದೆ," ಅಂದರು. ಮತ್ತೆ ಬಗ್ಗಿದವರು ಮೂಸಿ ನೋಡಿ ತಟ್ಟನೆ ನನ್ನ ಮುಖ ನೋಡಿದರು. ತಾಯಂದಿರಿಗೆ ಬಿಡಿಸಿ ಹೇಳಬೇಕೇ?

"ಇದು... ನಿಮ್ಮ ಹುಡುಗಂದಾ?"

"ಹೂಂ," ಅಂದೆ.

ಅಜ್ಜಿ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ.

ಈ ಭಾನುವಾರ ಚರ್ಚಿನಲ್ಲಿ ಆ ಮಾತು ಬಂದಾಗ ಬಾಯಿ ತೆರೆಯಿತು. ಅರ್ಧ ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು. ಉಳಿದದ್ದನ್ನು ಇವರು ನನ್ನ ಪಾಲಿಗೂ ಸೇರಿಸಿ ಜೋರಾಗಿ ಹೇಳಿದರು.

ಮಗನ ದಿಂಬು ಈಗ ತಗ್ಗಾಗಿದೆ. ಅದರ ಮೇಲೆ ತಲೆಯಿಟ್ಟರೆ ನನಗೂ ನಿದ್ದೆ ಬರುವುದಿಲ್ಲ.