ಅಂಗಿಯ ಬೆನ್ನಿನ ಕಲೆ

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಎಂಥ ಕಲೆಯಾದರೂ ತೆಗೆಯುತ್ತೇನೆಂಬ ಜಂಬ ನನಗಿತ್ತು. ಐದನೇ ಕ್ಲಾಸಿನ ಮಗಳು ದಿನವೂ ಅಂಗಿಯ ಬೆನ್ನಿಗೆ ಶಾಯಿ, ಎಣ್ಣೆ, ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು. ನಾನು ಬೈದು, ಉಜ್ಜಿ, ಬೆಳ್ಳಗೆ ಮಾಡಿ ಕೊಡುತ್ತಿದ್ದೆ. ತನ್ನ ಬೆನ್ನಿಗೆ ತಾನೇ ಶಾಯಿ ಬಳಿದುಕೊಳ್ಳುವುದು ಯಾರಿಗೆ ಸಾಧ್ಯ? ಅಷ್ಟೂ ಯೋಚಿಸದ ದಡ್ಡ ನಾನು.

ಬರಬರುತ್ತ ಅವಳು ಮಾತು ಬಿಟ್ಟಳು. ಸೋಮವಾರ ಬಂದರೆ ಹೊಟ್ಟೆನೋವು. ಶಾಲೆ ತಪ್ಪಿಸುವ ನಾಟಕವೆಂದು ನಾನೇ ತೀರ್ಪು ಕೊಟ್ಟೆ.

ಒಂದು ದಿನ ಶಾಲೆಯ ನರ್ಸಮ್ಮ ಅಂಗಡಿಗೆ ಬಂದರು. ಯಾರಾದರೂ ಹಂಗಿಸುತ್ತಾರೆಯೇ, ಆಟಕ್ಕೆ ಸೇರಿಸದೆ ದೂರ ಇಡುತ್ತಾರೆಯೇ, ವಸ್ತು ಹಾಳು ಮಾಡುತ್ತಾರೆಯೇ, ತಿಂಗಳಿಗೆ ಎಷ್ಟು ಸಲ ಎಂದು ಮಕ್ಕಳನ್ನು ಕೇಳುವ ಹಾಳೆಯೊಂದಿದೆ, ಹೆತ್ತವರು ಒಪ್ಪಿ ಸಹಿ ಹಾಕಬೇಕು ಎಂದರು.

"ಮಕ್ಕಳ ಜಗಳ ಮೂಗಿನ ಸಿಂಬಳ ಒಣಗೋ ತನಕ, ನರ್ಸಮ್ಮ. ನನ್ನನ್ನ ಸೊಟ್ಟಮೂತಿ ಅಂತಿದ್ರು. ನಾನೇನು ಸತ್ತೋದ್ನಾ?"

"ಕಣ್ಣು ಪರೀಕ್ಷೆ ಎಲ್ಲ ಮಕ್ಕಳಿಗೂ ಯಾಕೆ ಮಾಡ್ತೀವಿ ಹೇಳಿ ಅಣ್ಣ. ಮಬ್ಬು ಕಾಣೋ ಮಗುಗೆ ಲೋಕ ಇರೋದೇ ಹೀಗೆ ಅನ್ಸಿರುತ್ತೆ. ಇದೂ ಹಂಗೇ. ದಿನಾ ಹಂಗಿಸ್ಕೊಳ್ಳೋ ಮಗು ತಪ್ಪು ತನ್ನದೇ ಅಂದ್ಕೊಂಡು ಸುಮ್ನಿರುತ್ತೆ. ನಾವು ಕೇಳಿದ್ರೇನೇ ಗೊತ್ತಾಗೋದು."

ನನ್ನವಳು ಸಹಿ ಹಾಕೋಣ ಎಂದಳು. ನನಗೆ ರೇಗಿತು. ಮನೆಯ ವಿಷಯ ಹಾಳೆಗೆ ಹತ್ತುವುದು ಬೇಡ ಎಂದು ನರ್ಸಮ್ಮನನ್ನು ಕಳಿಸಿಬಿಟ್ಟೆ.

ಮುಂದಿನ ವಾರವೂ ಅದೇ ಕಲೆ. ಇನ್ನೊಂದು ಸಲ ಹೀಗೆ ಬಂದರೆ ಮನೆಯೊಳಗೆ ಸೇರಿಸುವುದಿಲ್ಲ ಎಂದು ಗದರಿದೆ. ಮರುದಿನ ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಊಟದ ಬಿಡುವಿನ ನಂತರ ಮಗಳು ಕ್ಲಾಸಿನಲ್ಲಿಲ್ಲ.

ಓಡಿದೆ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಶಾಲೆಯ ಹಿಂದೆ ಕೆರೆ. ನೀರು ಅಲುಗದೆ ನಿಂತಿತ್ತು. ದಡದಲ್ಲಿ ಅವಳ ಚಪ್ಪಲಿ ಇದೆಯೇ ಎಂದು ಹುಡುಕಿದೆ.

ಆಗ ನರ್ಸಮ್ಮ ಶೌಚಾಲಯದ ಕಡೆಯಿಂದ ಕರೆದರು. ಒಂದು ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ಬಟ್ಟೆ ಉಜ್ಜುವ ಸದ್ದು. ಅಪ್ಪ ಬಂದಿದ್ದಾರೆ ಎಂದು ಅವರು ಹೇಳಿದೊಡನೆ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ನರ್ಸಮ್ಮ ನನಗೆ ದೂರ ಹೋಗುವಂತೆ ಕೈಸನ್ನೆ ಮಾಡಿದರು. ಹೋದೆ. ಎಷ್ಟೋ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು. ಹತ್ತಿರ ಹೋಗಿ ನೋಡಿದರೆ ಮಗಳು ಒಳಅಂಗಿಯಲ್ಲಿ ನಡುಗುತ್ತ ಕುಳಿತಿದ್ದಳು. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

"ಹೋಗ್ತಾ ಇಲ್ಲ ಅಪ್ಪ," ಎಂದು ಒದ್ದೆ ಅಂಗಿ ತೋರಿಸಿದಳು.

ನರ್ಸಮ್ಮ ಮೆಲ್ಲಗೆ ಕೇಳಿದಾಗ ವಿಷಯ ಹೊರಬಿತ್ತು. ಕ್ಲಾಸಿನ ಮೂವರು ದಿನವೂ ಬಿಡುವಿನಲ್ಲಿ ನಲ್ಲಿಯ ಬಳಿ ಅವಳ ಬೆನ್ನಿಗೆ ಕೊಳಕು ಕೈ ಒರೆಸುತ್ತಿದ್ದರು, ನಿಮ್ಮಪ್ಪ ಒಗೀತಾನೆ ಬಿಡು ಎನ್ನುತ್ತಿದ್ದರು. ಯಾಕೆ ಹೇಳಲಿಲ್ಲ ಎಂದು ನರ್ಸಮ್ಮ ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ.

"ಅಪ್ಪ ಬಂದು ಕೂಗಾಡ್ತಾರೆ. ಆಮೇಲೆ ಅವರು ಇನ್ನೂ ಜಾಸ್ತಿ ಮಾಡ್ತಾರೆ."

ಅಂದೇ ಸಹಿ ಹಾಕಿದೆ. ಮಕ್ಕಳು ಒಬ್ಬರದು ಒಬ್ಬರಿಗೆ ಕಾಣದಂತೆ ಹಾಳೆ ತುಂಬಿದರು. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ವಾರವಾರವೂ ಸಹಿಸುತ್ತಿದ್ದವರು ಐದು ಮಂದಿ. ನಾಲ್ವರ ವಿಷಯ ಟೀಚರಿಗೂ ಗೊತ್ತಿರಲಿಲ್ಲ. ಕೈ ಒರೆಸಿದವರನ್ನು ಶಾಲೆಯವರು ಹೊಡೆಯಲಿಲ್ಲ. ಹೆತ್ತವರೆದುರು ಕೂರಿಸಿ ಮಾತಾಡಿದರು. ಬಿಡುವಿನಲ್ಲಿ ನಲ್ಲಿಯ ಬಳಿ ಈಗ ಒಬ್ಬ ಟೀಚರ್ ನಿಲ್ಲುತ್ತಾರೆ. ಮೂರು ತಿಂಗಳ ಮೇಲೆ ಅದೇ ಹಾಳೆ ಮತ್ತೆ ಕೊಟ್ಟರು. ಮೊದಲು 'ದಿನವೂ' ಎಂದಿದ್ದ ಮಗಳು 'ಒಂದೆರಡು ಸಲ' ಎಂದು ಗುರುತು ಹಾಕಿದ್ದಾಳೆ. 'ಇಲ್ಲವೇ ಇಲ್ಲ' ಎಂದು ಹಾಕಿಲ್ಲ. ಅದಕ್ಕೇ ಇನ್ನೂ ಕೇಳುತ್ತಲೇ ಇದ್ದೇವೆ.

ಓದುತ್ತಿರುವ ಅಪ್ಪ ಅಮ್ಮಂದಿರೇ, ಅಂಥ ಹಾಳೆ ಬಂದರೆ ಸಹಿ ಹಾಕಿ. ಬರದಿದ್ದರೆ ಶಾಲೆಗೆ ಹೋಗಿ ಕೇಳಿ. ಉತ್ತರ ಹೇಳಿಕೊಡಬೇಡಿ. ಮಗು ಬಾಯಿ ಬಿಟ್ಟರೆ ಪೂರ್ತಿ ಕೇಳಿ, ಸಿಟ್ಟು ಬಂದರೆ ನುಂಗಿಕೊಳ್ಳಿ. ಹೊರಗಿನವರಿಗೆ ಹೆದರಿದ ಮಗು ನಮ್ಮ ಹತ್ತಿರ ಓಡಿ ಬರಬೇಕು. ನಮಗೇ ಹೆದರಿದರೆ ಅದು ಎಲ್ಲಿಗೆ ಹೋಗಬೇಕು?