ಇಪ್ಪತ್ತೆರಡು ಹೊಲಗಳ ಪಾಳಿ

ನನ್ನ ಗಂಡ ಭೂಪಾಲ ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಸಂಶೋಧನೆ ಮಾತ್ರ ಜಗತ್ತಿನಲ್ಲಿ ಇನ್ನೂ ಯಾರೂ ನೆಟ್ಟಗೆ ಕಟ್ಟಿರದ ಕಂಪ್ಯೂಟರಿನ ಮೇಲೆ. ಕ್ವಾಂಟಮ್ ಕಂಪ್ಯೂಟರ್ ಅಂತ ಅದರ ಹೆಸರು. ಇಲ್ಲದ ಯಂತ್ರಕ್ಕಾಗಿ ಇರುವ ಸಂಬಳದಲ್ಲಿ ಲೇಖನಗಳ ಝೆರಾಕ್ಸ್ ತರಿಸುವವರು ನೀವೊಬ್ಬರೇ ಎಂದು ಛೇಡಿಸಿದರೆ ನಗುತ್ತಿದ್ದರು. ನಗುವ ಗಂಡನ ಜೊತೆ ಜಗಳ ಕಾಯುವುದು ಬಲು ಕಷ್ಟ.

೧೯೯೭ರ ದೀಪಾವಳಿಗೆ ನನ್ನ ತವರು ಕಬ್ಬೂರಿಗೆ ಹೋದಾಗ ಅವರಿಗೊಂದು ಕೆಲಸ ಅಂಟಿಕೊಂಡಿತು. ನಮ್ಮ ಓಣಿಯವರ ಇಪ್ಪತ್ತೆರಡು ಹೊಲಗಳಿಗೆ ಕಬ್ಬು ಕಡಿಯುವ ಆಳುಗಳ ಟೋಳಿ ಒಂದೇ. ಯಾರದು ಮೊದಲು ಎಂದು ಪ್ರತಿ ವರ್ಷ ಜಗಳ. ಈ ಸಲ ಅಳಿಯಂದಿರೇ ಪಾಳಿ ಹಚ್ಚಿಕೊಡಲಿ, ಓದಿದವರು, ಯಾರ ಕಡೆಗೂ ವಾಲುವವರಲ್ಲ ಎಂದು ಎಲ್ಲರೂ ಕೂಡಿ ಹೇಳಿದರು. ನಮ್ಮವರಿಗೆ ಹಾಲು ಕುಡಿದಷ್ಟು ಸಂತೋಷ.

ಅವರ ಸಂಶೋಧನೆಯೂ ಇಂಥ ಗಂಟುಗಳದ್ದೇ. ಇಪ್ಪತ್ತೆರಡು ಹೊಲಗಳನ್ನು ಎಷ್ಟು ಬಗೆಯಲ್ಲಿ ಸಾಲು ಹಚ್ಚಬಹುದೆಂದು ಬರೆಯಲು ಇಪ್ಪತ್ತೆರಡು ಅಂಕಿ ಬೇಕಂತೆ. ಈಗಿನ ಕಂಪ್ಯೂಟರ್ ಅವನ್ನು ಒಂದೊಂದಾಗಿ ನೋಡುತ್ತ ಕೂತರೆ ಕಬ್ಬಷ್ಟೇ ಅಲ್ಲ, ನಾವೂ ಒಣಗುತ್ತೇವೆ. ಕ್ವಾಂಟಮ್ ಕಂಪ್ಯೂಟರ್ ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಡಿದು, ಕೆಟ್ಟವು ತಮ್ಮತಮ್ಮಲ್ಲೇ ಅಳಿಸಿಹೋಗುವಂತೆ ಮಾಡಿ, ಒಳ್ಳೆಯದನ್ನು ಮೇಲೆ ತರಬಹುದು ಎಂಬುದು ಅವರ ಆಸೆ.

"ಹುಡುಕೂದು ಕಠಿಣ, ಮಂಗಲ. ಸಿಕ್ಕಿದ್ದು ಖರೇನೋ ಸುಳ್ಳೋ ನೋಡೂದು ಸರಳ," ಎಂದರು.

ಆ ಯಂತ್ರ ಇಲ್ಲದ್ದರಿಂದ ಕಾಲೇಜಿನ ಒಂದೇ ಒಂದು ಕಂಪ್ಯೂಟರಿನ ಮುಂದೆ ಚಪ್ಪಲಿ ಬಿಟ್ಟು ಕೂತು, ನಾಟಿಯ ತಿಂಗಳು, ತಳಿ, ನೀರು ಎಲ್ಲ ತುಂಬಿ, ಇದ್ದುದರಲ್ಲಿ ಚೆನ್ನಾದ ಪಟ್ಟಿ ತೆಗೆದರು. ಆಮೇಲೆ ಮನೆಮನೆಗೆ ಹೋಗಿ, ತಪ್ಪಿದ್ದರೆ ಹೇಳಿ ಎಂದು ಕೇಳಿದರು. ಎಲ್ಲರೂ ಪಟ್ಟಿ ನೋಡಿದರು, ಚಹಾ ಕೊಟ್ಟರು, ಚಲೋ ಐತ್ರಿ ಎಂದು ಸಹಿ ಹಾಕಿದರು. ನನ್ನ ಅವ್ವ ಜಿನಮತಿ ಅಳಿಯನ ಎದುರು ನಿಲ್ಲುವವಳೇ ಅಲ್ಲ. ಸೆರಗು ಮುಂದಕ್ಕೆಳೆದು, ಬಾಗಿಲ ಹಿಂದಿನಿಂದಲೇ ಪಟ್ಟಿ ಇಸಿದುಕೊಂಡು ಸಹಿ ಮಾಡಿದಳು. ನಾನಂತೂ ಅದನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ. ನೋಡಬೇಕಿತ್ತು.

ಅವ್ವನ ಹೊಲಕ್ಕೆ ನಾಲ್ಕನೇ ಪಾಳಿ ಬಂದಿತ್ತು. ಅಪ್ಪ ಹೋದ ಮೇಲೆ ಅವಳೇ ನಿಂತು ಬೆಳೆಸಿದ ಕಬ್ಬು, ಅವಳ ವರ್ಷದ ಬಾಳ್ವೆ. ಆಗಲೇ ಹೂ ಬಿಟ್ಟಿತ್ತು. ಬೇಗ ಕಡಿಯದಿದ್ದರೆ ರಸ ಹೋಗಿ ಒಳಗೆ ಬೆಂಡಾಗುತ್ತದೆ.

ಅವಳ ಪಾಳಿಯ ದಿನ ನಾವೂ ಹೊಲಕ್ಕೆ ಹೋಗಿದ್ದೆವು. ಟೋಳಿಯ ಮುಖ್ಯಸ್ಥ ಮುಕಾದಮ ಬದುವಿನ ಮೇಲೆ ನಿಂತು, ಚಕ್ಕಡಿ ಎಲ್ಲಿಂದ ತರಲಿ ಎಂದು ಕೇಳಿದ. ಉಳಿದ ಹೊಲಗಳೆಲ್ಲ ರಸ್ತೆಗೆ ಹತ್ತಿದವು, ಅವ್ವನದೊಂದೇ ಒಳಗಿನದು. ಅದರ ಮುಂದಿನ ಹೊಲ ನಮ್ಮ ದೊಡ್ಡಪ್ಪ ತಾತ್ಯಾಸಾಹೇಬನದು. ಮುಂದಿನ ಹೊಲ ಕಡಿದು ಬಯಲಾದ ಮೇಲೆಯೇ ಅದನ್ನು ಹಾದು ಹಿಂದಿನವರ ಚಕ್ಕಡಿ ಹೋಗಬೇಕು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕಾಗವಾಡದ ಅಂಗಡಿಕಾರರ ಮನೆಯಲ್ಲಿ ಬೆಳೆದ ನನ್ನ ಗಂಡನಿಗೆ ಅದು ಗೊತ್ತಿರಲಿಲ್ಲ. ದೊಡ್ಡಪ್ಪನ ಪಾಳಿ ಹತ್ತೊಂಬತ್ತನೆಯದು. ಸಾಲದ್ದಕ್ಕೆ, ಬಾವಿ ನೀರಿನ ಜಗಳದಲ್ಲಿ ಅವನೂ ಅವ್ವನೂ ಮಾತು ಬಿಟ್ಟು ಆರು ವರ್ಷವಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಅವ್ವನನ್ನೇ ಗದರಿದೆ. ಅಳಿಯನಿಗೆ ತಪ್ಪಿದೆ ಅಂತ ಹೇಗೆ ಹೇಳಲಿ ಎಂದಳು. ಊರವರ ಸಹಿಗಳೂ ಅದೇ ಮರ್ಯಾದೆಯವು. ಮುಕಾದಮ ಒಂದು ತಾಸು ಕಾಯುತ್ತೇನೆ, ಆಮೇಲೆ ಐದನೆಯ ಹೊಲಕ್ಕೆ ಹೋಗುತ್ತೇನೆ ಎಂದ. ತಪ್ಪಿದ ಪಾಳಿ ಮತ್ತೆ ಬರುವುದು ಎಲ್ಲರದೂ ಮುಗಿದ ಮೇಲೆ, ಎರಡು ತಿಂಗಳಾಚೆ. ನಮ್ಮವರು ಪಟ್ಟಿ ಹಿಡಿದು ಬೆಪ್ಪಾಗಿ ನಿಂತಿದ್ದರು. ಪಾಪ ಅನಿಸಿತು.

ಅಷ್ಟರಲ್ಲಿ ದೊಡ್ಡಪ್ಪ ಕಬ್ಬಿನ ಕತ್ತಿ ಕೊಯ್ತಾ ಹಿಡಿದು ಬಂದ. ಯಾರ ಮುಖವನ್ನೂ ನೋಡದೆ ತನ್ನ ಹೊಲಕ್ಕಿಳಿದು, ಇನ್ನೂ ಬಲಿಯದ ಕಬ್ಬನ್ನು ರಸ್ತೆಯಿಂದ ಅವ್ವನ ಬದುವಿನ ಕಡೆಗೆ ಚಕ್ಕಡಿ ಅಗಲಕ್ಕೆ ಕಡಿಯತೊಡಗಿದ. ಟೋಳಿಯವರೂ ಕೈ ಹಚ್ಚಿದರು. ಅಳಿಯಂದಿರ ಪಟ್ಟಿ ಬರೋಬ್ಬರಿ ಇದೆ, ದಾರಿಯಷ್ಟೇ ಇರಲಿಲ್ಲ ಎಂದು ದೊಡ್ಡಪ್ಪ ಮುಕಾದಮನಿಗೆ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಚಕ್ಕಡಿ ಅವ್ವನ ಹೊಲ ಮುಟ್ಟಿತು. ನಮ್ಮವರು ನಾಚಿ, ತಪ್ಪು ತಮ್ಮದೇ, ಈ ಪಟ್ಟಿ ಹರಿದುಹಾಕುತ್ತೇನೆ ಎಂದರು.

"ಹರೀಬ್ಯಾಡ್ರಿ," ಎಂದ ದೊಡ್ಡಪ್ಪ. "ತಪ್ಪ ನನಗ ಆವತ್ತ ಕಂಡಿತ್ತರಿ. ಅಳಿಯಾರ ಮರ್ಯಾದಿ ಅಂತ ಸುಮ್ಮ ಇದ್ದದ್ದಲ್ಲ ನಾ. ಇಕಿ ಚಕ್ಕಡಿ ಸಿಕ್ಕೊಳ್ಳಲಿ ಅಂತ ಸಹಿ ಮಾಡಿದ್ನಿ."

ಅವ್ವ ನೆಲ ನೋಡುತ್ತ, ಆರು ವರ್ಷದ ಮೇಲೆ ಅವನೊಡನೆ ಮಾತಾಡಿದಳು.

"ನಂದೂ ಮರ್ಯಾದಿ ಅಲ್ರಿ ಭಾವಾರ. ದಾರಿ ಬಿಡ್ರಿ ಅಂತ ನಿಮ್ಮನ್ನ ಕೇಳೂದ್ಕಿಂತ ಕಬ್ಬ ಒಣಗಿದ್ರ ಒಣಗಲಿ ಅಂದಿದ್ನಿ."

ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡಪ್ಪ ಮತ್ತೆ ಕೊಯ್ತಾ ಎತ್ತಿಕೊಂಡು, ಆಗಷ್ಟೇ ಆದ ದಾರಿಯ ಪಕ್ಕದ ಸಾಲಿಗೂ ಕೈ ಹಾಕಿದ. ಇಷ್ಟು ಅಗಲ ಸಾಕಲ್ಲ, ಮತ್ತೇಕೆ ಕಡಿಯುತ್ತೀರಿ ಎಂದು ಮುಕಾದಮ ಕೇಳಿದ.

"ಇದು ಹೋಗೂದಕ್ಕಾತು," ಎಂದ ದೊಡ್ಡಪ್ಪ. "ಬರೂದಕ್ಕ ಬ್ಯಾಡೇನು?"