ಮಾನ್ವಿಯಲ್ಲಿ ಎಡಕ್ಕೆ, ರಾಯಚೂರಲ್ಲಿ ನೆಟ್ಟಗೆ

ಗೌತಮನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ನಟ್ಟು ಬಿಚ್ಚುವ ಪಾನೆ ಕೈಯಿಂದ ಜಾರಿದರೆ ಪಾನೆಯ ಏಳು ತಲೆಮಾರನ್ನು ಬೈಯುತ್ತಿದ್ದ. ಆದರೆ ಆ ಭಾನುವಾರ ರಾಯಚೂರಿನ ತನ್ನ ಗ್ಯಾರೇಜಿಗೆ ಬೀಗ ಜಡಿದು, ಬೈಕ್ ಹತ್ತಿ ಮಾನ್ವಿಯ ದಾರಿ ಹಿಡಿದಾಗ ಅವನ ಸಿಟ್ಟಿಗೆ ತಕ್ಕ ಕಾರಣವೇ ಇತ್ತು. ಹಿಂದಿನ ಸಂಜೆ ಮಾನ್ವಿಯ ಗುರುಪ್ರಸನ್ನ ಮಾಸ್ತರರು ಫೋನ್ ಮಾಡಿದ್ದರು.

"ಗೌತಮ, ಬ್ರೇಕ್ ಹಾಕಿದ್ರ ಕಾರು ಮತ್ತ ಎಡಕ್ಕ ಎಳೀತದಪಾ. ನಾಳೆ ದೇವದುರ್ಗಕ್ಕ ಹೋಗೋದದ, ಮಗಳು ವೃಂದಾ ಕಾಯ್ತಾಳ. ನಾಳೆನೂ ಹಿಂಗ ಆದ್ರ ಗಾಡಿ ಹೈದರಾಬಾದಿಗೆ ಕಳಸ್ತೀನಿ. ಅಲ್ಲೊಬ್ಬ ಸ್ಪೆಷಲಿಸ್ಟ್ ಅದಾನಂತ."

ಸ್ಪೆಷಲಿಸ್ಟ್! ರಾತ್ರಿಯೆಲ್ಲ ಆ ಮಾತು ಹಲ್ಲಿನ ಸಂದಿಯ ಅಡಕೆ ಚೂರಿನಂತೆ ಅವನನ್ನು ಕಾಡಿತ್ತು.

ಕಾರು ಅಂಥಿಂಥದ್ದಲ್ಲ. ಕೆಂಪು ಬಣ್ಣ, ಉದ್ದ ಮೂಗು, ಕಡ್ಡಿಗಾಲಿ, ಮೇಲೆ ಸೂರಿಲ್ಲದ, ಇಬ್ಬರೇ ಕೂರುವ ವಿಲಾಯಿತಿ ಸ್ಪೋರ್ಟ್ಸ್ ಕಾರು. ಮಾಸ್ತರರ ತಂದೆ ವಕೀಲಿಕೆ ಮಾಡುವಾಗ ಯಾವುದೋ ಜಾಗೀರದಾರರಿಂದ ಕೊಂಡಿದ್ದರಂತೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಕೋಳಿಗಳ ಮನೆಯಾಗಿ ಬಿದ್ದಿದ್ದ ಅದನ್ನು ಮಾಸ್ತರರು ಲಾರಿಯಲ್ಲಿ ಹೇರಿ ಕಳಿಸಿದಾಗ, ಅದಕ್ಕೆ ಜೀವ ಕೊಟ್ಟವನು ಗೌತಮ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನಿಗೆ, ಕೂತು ಓದಬೇಕು ಅನ್ನಿಸಿದ ಮೊದಲ ಪುಸ್ತಕವೇ ಆ ಕಾರು. ಅದನ್ನು ಬೇರೆಯವನ ಕೈಗೆ ಕೊಡುವುದೆಂದರೆ?

ಅವನು ಮಾಡದೆ ಬಿಟ್ಟದ್ದೇನೂ ಇರಲಿಲ್ಲ. ಎಡಕ್ಕೆ ಎಳೆಯುತ್ತದೆಂದು ಮೊದಲ ಸಲ ಬಂದಾಗ ಸ್ಟೇರಿಂಗ್ ಕಾಲು ಸುತ್ತು ಖಾಲಿ ತಿರುಗುತ್ತಿತ್ತು, ಬಿಗಿ ಮಾಡಿದ. ಸವೆದ ಕೀಲುಗಳನ್ನು ಬದಲಿಸಿದ. ಗಾಲಿಗಳ ಉದ್ದಕ್ಕೂ ದಾರ ಎಳೆದು ಓರೆಕೋರೆ ನೋಡಿದ. ಮತ್ತೆ ಬಂದಾಗ ಬ್ರೇಕಿನ ಪೈಪು ಹೊಸದು ಹಾಕಿ, ಒಳಗಿನ ಗಾಳಿ ತೆಗೆದ. ಆಮೇಲೂ ಬಂತು. ಮುಂದಿನ ಬಲಗಾಲಿಯ ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗೆ ಕಂದು ಬಣ್ಣದ ಅಂಟು, ಜೊತೆಗೆ ಸತ್ತ ನಾಲ್ಕಾರು ಇರುವೆ. ಎಣ್ಣೆ ಸೋರಿರಬೇಕೆಂದು ರಬ್ಬರುಗಳನ್ನೂ ಬದಲಿಸಿದ. ಪ್ರತಿಸಲವೂ ಲಿಂಗಸುಗೂರು ರಸ್ತೆಯಲ್ಲಿ ಓಡಿಸಿ ಗಕ್ಕನೆ ನಿಲ್ಲಿಸಿ ನೋಡಿದ್ದ. ಗೆರೆ ಎಳೆದಂತೆ ನೆಟ್ಟಗೆ ನಿಲ್ಲುತ್ತಿತ್ತು. ಮಾನ್ವಿಗೆ ಹೋದದ್ದೇ ತಡ, ಎಡಕ್ಕೆ!

ಮಾಸ್ತರರ ಓಣಿಯ ಮೂಲೆಯಲ್ಲಿ ಬೈಕ್ ನಿಲ್ಲಿಸಿದಾಗ, ಕಾಯಿಪಲ್ಯೆ ಮಾರುವ ಖಾಸಿಂ ಬೀ ಬದನೆಕಾಯಿ ಬುಟ್ಟಿಯನ್ನು ರಸ್ತೆಯ ಆಚೆ ಬದಿಗೆ ಎಳೆಯುತ್ತಿದ್ದಳು.

"ಮಾಸ್ತರ್ ಮನಿ ಎಲ್ಲೈತಮ್ಮಾ? ಕೆಂಪು ಕಾರಿನವರು?"

"ಆ ಗಾಡಿ ರಿಪೇರಿ ಮಾಡೋನು ನೀನೇ ಏನು? ಭೇಷ್ ಮಾಡೀ ಬೇಟಾ! ಹೋದ ವಾರ ಒಂದು ಬುಟ್ಟಿ ಬದನಿಕಾಯಿ ಬಜ್ಜಿ ಆತು. ಈವತ್ತು ಹೊಂಟಾರಂತ ಗೊತ್ತಾತು, ಅದಕ್ಕ ಜಾಗ ಖಾಲಿ ಮಾಡಾಕತ್ತೀನಿ."

"ದಿನಾ ಹಿಂಗ ಮೈಮ್ಯಾಲೆ ಬರ್ತದೇನು?"

"ಹೋಗುವಾಗ ಅಷ್ಟೇ. ಬರುವಾಗ ಬಂಗಾರದಂಥಾ ಗಾಡಿ. ಇಲ್ಲೇ ನಿಲ್ಲಿಸಿ ಕೊತ್ತಂಬ್ರಿ ತಗೋತಾರ, ಅಲುಗಾಡಂಗಿಲ್ಲ."

ಗೌತಮನ ಕಿವಿ ನಿಮಿರಿತು. "ಹೋಗುವಾಗ ಅಷ್ಟೇ?"

"ಹೂಂ ಅಂತೀನಿ. ಮನಿ ಬಿಡುವಾಗ ಸಿಟ್ಟು ಮಾಡ್ಕೊಂಡು ಬರ್ತದ, ನಿನ್ನಂಗ."

ಅವನು ಓಣಿಯೊಳಗೆ ದಾಪುಗಾಲು ಹಾಕಿದ. ಹಾಗಾದರೆ ದೋಷ ಕಾರಿನಲ್ಲಿಲ್ಲ, ಮನೆ ಬಿಡುವ ಹೊತ್ತಿನಲ್ಲಿ ಏನೋ ನಡೆಯುತ್ತದೆ. ಈ ಮನೆಗೆ ಅವನು ಬಂದದ್ದು ಇದೇ ಮೊದಲು. ಪ್ರತಿಸಲ ಕಾರೇ ಅವನ ಬಳಿ ಬರುತ್ತಿತ್ತು. ಬಾ ಎಂದು ಮಾಸ್ತರರು ಕರೆದಿರಲಿಲ್ಲ, ಕರೆಯದ ಮನೆಗೆ ಹೋಗುವ ಆಸಾಮಿ ಅವನಲ್ಲ; ಇವತ್ತು ಸಿಟ್ಟೇ ಎಳೆತಂದಿತ್ತು.

ಗೇಟಿನ ಎದುರು ಕಾರು ನಿಂತಿತ್ತು. ಮಾಸ್ತರರ ತಾಯಿ ವೆಂಕೂಬಾಯಿ, ಮಡಿಸೀರೆ ಉಟ್ಟ ಮುದುಕಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಬಗ್ಗಿ, ಮುಂದಿನ ಬಲಗಾಲಿಯ ಕಡ್ಡಿಗಳ ನಡುವೆ ಎಳೆಗೂಸಿಗೆ ಎರೆದಂತೆ ನಿಧಾನವಾಗಿ ಅದರ ನೀರು ಸುರಿಯುತ್ತಿದ್ದರು.

"ನಿಂದರ್ರೀ ಅಮ್ಮಾರ!" ಗೌತಮ ಕೂಗಿದ ಅಬ್ಬರಕ್ಕೆ ಅವರ ಕೈಯಲ್ಲಿದ್ದ ಹೋಳು ಉರುಳಿತು.

"ಯಾವನೋ ಇವ? ಪೂಜಿ ನಡುವ ಬಾಯಿ ಮಾಡ್ತಾನ!"

"ಪ್ರತಿಸಲ ಹಿಂಗ ನೀರು ಹಾಕ್ತೀರೇನು?"

"ಹಾಕ್ದೆ? ಬಲಗಾಲು ಮೊದಲು. ಗಾಡಿಗೆ ಬ್ಯಾರೆ ಶಾಸ್ತ್ರ ಅದ ಏನು?"

ಗೌತಮ ಜಾಕ್ ಕೊಟ್ಟು, ಗಾಲಿ ಬಿಚ್ಚಿ, ಡ್ರಮ್ ಎಳೆದ. ಒಳಗೆಲ್ಲ ಕಾಯಿನೀರು ಜಿನುಗುತ್ತಿತ್ತು. ಬ್ರೇಕ್ ಬಿಗಿ ಮಾಡಲೆಂದು ಡ್ರಮ್ಮಿನ ಮುಖಕ್ಕೆ ಕೊರೆದ ತೂತಿಗೆ ಇರಬೇಕಾದ ರಬ್ಬರ್ ಬೂಚು ಯಾವ ಕಾಲದಲ್ಲೋ ಕಳೆದುಹೋಗಿತ್ತು.

"ನೋಡ್ರಿ ಸರ," ಗಾಬರಿಯಿಂದ ಓಡಿಬಂದ ಗುರುಪ್ರಸನ್ನರಿಗೆ ಅವನು ಡ್ರಮ್ ಹಿಡಿದು ತೋರಿಸಿದ. "ಬಲಗಡೆ ತೊಯ್ದು ಜಾರ್ತದ, ಎಡಗಡೆ ಗಟ್ಟಿ ಹಿಡೀತದ. ಗಾಡಿ ಎಡಕ್ಕ ಹೋಗದೆ ಎಲ್ಲಿಗೆ ಹೋದೀತು? ರಾಯಚೂರು ಮುಟ್ಟೋದ್ರಾಗ ಒಣಗಿ ಸುಮ್ಮನಾಗ್ತದ. ಬೆಲ್ಲದಂಗ ಅಂಟು, ಇರುವಿ, ನಾ ಎಣ್ಣಿ ಅನ್ಕೊಂಡಿದ್ದೆ! ನಿಮ್ಮ ಹೈದರಾಬಾದಿನ್ಯಾವನೂ ಇದನ್ನ ಹಿಡೀತಿರಲಿಲ್ಲ. ಅಮ್ಮಾರ ಕಾಯಿ ಅಲ್ಲೀತನ ಹೋಗಂಗಿಲ್ಲ."

ಮಾಸ್ತರರು ತಾಯಿಯ ಕಡೆ ತಿರುಗಿದರು. "ಅವ್ವಾ, ನೋಡಿದಿ? ಇನ್ನ ಮ್ಯಾಲೆ ನೀರೂ ಬ್ಯಾಡ, ಕಾಯಿನೂ ಬ್ಯಾಡ."

ವೆಂಕೂಬಾಯಿ ಕಟ್ಟೆಯ ಮೇಲೆ ಕುಸಿದು ಕೂತರು. "ಹಂಗಾದ್ರ ನೀ ಹೋಗೂದೂ ಬ್ಯಾಡ. ಪೂಜಿ ಇಲ್ದ ಬರೇ ಗಾಲಿಲೆ ಕಳಿಸಿ ನಾ ಎದಿ ಹಿಡ್ಕೊಂಡು ಕೂಡಂಗಿಲ್ಲ."

ಗೌತಮ ಗೆದ್ದಿದ್ದ, ಸುಮ್ಮನಿರಬಹುದಿತ್ತು. ಆದರೆ ಅವನ ಸಿಟ್ಟು ಯಾವತ್ತೂ ಹೇಳಿದ ಕಡೆ ಹೋಗುವಂಥದಲ್ಲ.

"ಅವ್ರಿಗ್ಯಾಕ ಬೈತೀರಿ ಸರ? ತೂತು ಗಾಡಿದು. ಮುಚ್ಚೋದು ನನ್ನ ಕೆಲಸ."

ಡ್ರಮ್ ಒರೆಸಿ, ಒಳಗಿನದನ್ನೆಲ್ಲ ಮರಳುಕಾಗದದಿಂದ ಉಜ್ಜಿದ. ಬೈಕಿನ ಪೆಟ್ಟಿಗೆಯಲ್ಲಿದ್ದ ಲಾರಿ ಟ್ಯೂಬಿನ ತುಂಡನ್ನು ಕೊಯ್ದು ಬೂಚು ಮಾಡಿ ತೂತಿಗೆ ತುರುಕಿದ. ಗಾಲಿ ಹಾಕಿ ಎದ್ದುನಿಂತು, "ಅಮ್ಮಾರ, ಈಗ ಹಾಕ್ರಿ. ಒಂದಲ್ಲ, ಎರಡು ಕಾಯಿ" ಎಂದ.

"ಮೂರು ತರ್ತೀನಿ," ಎಂದು ವೆಂಕೂಬಾಯಿ ಒಳಗೆ ಓಡಿದರು.

ಮೂರೂ ಕಾಯಿಯ ನೀರು ಗಾಲಿಯಿಂದಿಳಿದು ಓಣಿಯ ಚರಂಡಿ ಸೇರಿತು. ಗೌತಮ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಯಾರು ಕೂರಬೇಕು? ಮಾಸ್ತರರು ಕನ್ನಡಕ ಒರೆಸುತ್ತ ಅನುಮಾನಿಸುವಷ್ಟರಲ್ಲಿ ವೆಂಕೂಬಾಯಿ ಸೆರಗು ಸಿಕ್ಕಿಸಿ ಹತ್ತಿಬಿಟ್ಟಿದ್ದರು.

ಓಣಿಯ ಮೂಲೆ ಬಂತು. ಗೌತಮ ಪೂರ್ತಿ ಬಲ ಹಾಕಿ ಬ್ರೇಕ್ ತುಳಿದು, ಸ್ಟೇರಿಂಗ್‌ನಿಂದ ಎರಡೂ ಕೈ ಎತ್ತಿದ. ಕಾರು ಇದ್ದಲ್ಲೇ ನೆಟ್ಟಗೆ ನಿಂತಿತು. ಖಾಸಿಂ ಬೀ ಮುಚ್ಚಿದ್ದ ಕಣ್ಣು ತೆರೆದಳು.

ಏದುಸಿರು ಬಿಡುತ್ತ ಬಂದ ಮಾಸ್ತರರು ಜೇಬಿನಿಂದ ಫೋನ್ ತೆಗೆದರು. "ಹೈದರಾಬಾದಿನವಗ ಏನಂತ ಹೇಳ್ಲೋ ಗೌತಮ?"

ಉತ್ತರ ಕೊಟ್ಟವರು ವೆಂಕೂಬಾಯಿ. "ರಾಯಚೂರಾಗ ನಮ್ಮ ಹುಡುಗ ಅದಾನ, ಗಾಡಿ ಅವನೇ ನೋಡ್ತಾನ ಅಂತ ಹೇಳು. ಹೇಳಿ ಬಸ್ಸಿಗೆ ದೇವದುರ್ಗಕ್ಕ ಬಾ. ಇಲ್ಲಿ ಎರಡೇ ಸೀಟು."

ಗೌತಮನಿಗೆ ಬೈಯಲು ಯಾರೂ ಸಿಗಲಿಲ್ಲ. ಗೇರ್ ಹಾಕಿದ. ದೇವದುರ್ಗದ ದಾರಿಯಲ್ಲಿ, ಸಿರವಾರದ ಹತ್ತಿರ ಕುರಿಹಿಂಡೊಂದು ಅಡ್ಡ ಬಂದಾಗ ಮತ್ತೊಮ್ಮೆ ಬ್ರೇಕ್ ತುಳಿಯಬೇಕಾಯಿತು. ಕಾರು ನೆಟ್ಟಗೆ ನಿಂತಿತು, ವೆಂಕೂಬಾಯಿ ಮಾತ್ರ ಮುಂದಕ್ಕೆ ಮುಗ್ಗರಿಸಿ ಗಾಜಿನ ಅಂಚು ಹಿಡಿದರು.

"ಪೆಟ್ಟಾತೇನ್ರೀ ಅಮ್ಮಾರ?"

"ಇಲ್ಲೋ," ಮುದುಕಿ ಸೆರಗು ಸರಿಮಾಡಿಕೊಂಡು ನಕ್ಕರು. "ಕುರಿ ಹೋಗ್ಲಿ ತಡಿ. ಆಮ್ಯಾಲೆ ಜೋರಾಗಿ ಹೋಗಿ ಇನ್ನೊಮ್ಮಿ ತುಳಿ."